ಅಳಿಸಿದ ಪುಟ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆಸ್ಪತ್ರೆಯ ಕಂಪ್ಯೂಟರಿನ ಜಾವಾ ಪ್ರೋಗ್ರಾಂ ಬರೆದವನು ನಾನೇ. ಡಿಸ್ಚಾರ್ಜ್ ಒತ್ತಿದರೆ ಔಷಧಿ ಚೀಟಿಯ ಪುಟ ತೆರೆಯಬೇಕು. ಎಲ್ಲರಿಗೂ ಅದೇ ತೆರೆಯುತ್ತಿತ್ತು. ಅಂದು ಗುಣವಾಗಿ ಮನೆಗೆ ಹೊರಟಿದ್ದ ನನ್ನ ಅಕ್ಕನ ಹೆಸರಿಗೆ ಮಾತ್ರ ಶವಾಗಾರದ ಪುಟ. ಅದು ತೆರೆದಾಗಲೆಲ್ಲ ಕೈಯಲ್ಲಿದ್ದ ಮೌಸ್ ಮಂಜುಗಡ್ಡೆಯಂತಾಗುತ್ತಿತ್ತು.

ಯಾವ ಪುಟದಿಂದ ಯಾವ ಪುಟಕ್ಕೆ ಹೋಗಬೇಕೆಂಬ ನಿಯಮಗಳನ್ನೆಲ್ಲ ಜಾಲಾಡಿದೆ. ಎಲ್ಲ ಸರಿಯಾಗೇ ಇತ್ತು. ಕೊನೆಗೆ ಆ ಪುಟವನ್ನೇ ಅಳಿಸಿ ಸರ್ವರ್ ಮತ್ತೆ ಶುರುಮಾಡಿದೆ. ಇಲ್ಲದ ಪುಟವೇ ಮತ್ತೆ ತೆರೆಯಿತು. ಕೈಚೆಲ್ಲಿ ಕೂತೆ.

"ಎಷ್ಟೊತ್ತು ಸಾರ್? ನಿಮ್ಮಕ್ಕ ಚಪ್ಪಲಿ ಹಾಕ್ಕೊಂಡು ಕಾಯ್ತಿದ್ದಾರೆ. ಚೀಟಿ ಕೈಯಲ್ಲೇ ಬರ್ಕೊಡ್ತೀನಿ, ಬಿಡಿ" ಎಂದಳು ನರ್ಸ್.

ಅಕ್ಕ ನಗುತ್ತ ಮನೆಗೆ ಬಂದಳು. ಈಗಲೂ ಉಣ್ಣುತ್ತಾಳೆ, ನನ್ನನ್ನು ಬೈಯುತ್ತಾಳೆ. ದಿನಾ ಅವಳ ಕೈ ಉಜ್ಜಿ ಉಜ್ಜಿ ನಾನು ಸೋತಿದ್ದೇನೆ. ಅದು ಆ ಮೌಸಿನಷ್ಟೇ ತಣ್ಣಗಿದೆ.