ಆರನೆಯ ನಿಮಿಷ

ಹೆಣ್ಣು ನೋಡಲು ಸಂಶಿಗೆ ಬಂದ ದಿನವೇ ದುಮ್ಮವಾಡದ ಸಿದ್ಧಾರೂಢ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದ. “ನನಗ ಫಿಟ್ಸ್ ಅದಾವ. ದಿನಾ ಗುಳಿಗಿ ತೊಗೊಂಡ್ರ ಬರೂದಿಲ್ಲ.”

“ತಪ್ಪಿಸೂದಿಲ್ಲಂದ್ರ ಮಗಳ್ನ ಕೊಡ್ತೀವಿ,” ಎಂದಳು ಸುವರ್ಣಾಳ ತಾಯಿ ಹನಮವ್ವ.

ಆ ನೇರ ಮಾತು ಸುವರ್ಣಾಳಿಗೆ ಹಿಡಿಸಿತು. ನಗು ಬಂದಾಗಲೆಲ್ಲ ಅವನು ಬಲಗೈಯಿಂದ ಬಾಯಿ ಮುಚ್ಚಿಕೊಳ್ಳುವುದು ಮಾತ್ರ ವಿಚಿತ್ರವೆನಿಸಿತು.

“ಅದೇನ್ರಿ, ನಗೀಗೂ ಸೆರಗ ಹಾಕ್ತೀರಿ?” ಎಂದು ಛೇಡಿಸಿದಳು.

ಅವನ ಕಿವಿ ಕೆಂಪಾದವು. ಕೈ ಇಳಿಯಲಿಲ್ಲ.

ನಾಲ್ಕು ತಿಂಗಳಿಗೆ ಇಳಿಯಿತು. ಸಂಶಿಯ ಬಸ್ ಸ್ಟ್ಯಾಂಡಿನಲ್ಲಿ ಗಿರಮಿಟ್ ತಿನ್ನುತ್ತಾ ಅವನು ಬಾಯಿತುಂಬ ನಕ್ಕ. ಅವಳು ನೋಡುತ್ತಲೇ ಉಳಿದಳು. ತನ್ನ ಜೊತೆಗಿನ ಸಲಿಗೆಯಿಂದ ನಾಚಿಕೆ ಬಿಟ್ಟಿದ್ದಾನೆಂದು ಮನೆ ಮುಟ್ಟುವವರೆಗೂ ಹಿಗ್ಗಿದಳು.

ಮದುವೆಗೆ ಹನ್ನೆರಡು ದಿನವಿತ್ತು. ಮೇವು ಕತ್ತರಿಸುವ ಮಷೀನಿಗೆ ಜೋಳದ ದಂಟು ಕೊಡುತ್ತಿದ್ದಾಗ ಅವನಿಗೆ ಫಿಟ್ಸ್ ಬಂತು. ಬಲಗೈ ಒಳಗೆ ಹೋಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲೆ ಕತ್ತರಿಸಬೇಕಾಯಿತು. “ಗುಳಿಗಿ ಒಂದಿನಾನೂ ತಪ್ಪಿಸಿಲ್ರಿ,” ಎಂದು ಅವನ ಅಪ್ಪ ಅಮೋಘಸಿದ್ದಪ್ಪ ಆಣೆ ಮಾಡಿದ. ಹಾಗಿದ್ದರೆ ಈ ಔಷಧ ಇವನಿಗೆ ನಾಟುತ್ತಿಲ್ಲ ಎಂದರು ಡಾಕ್ಟರು. ಖಾತ್ರಿಗಾಗಿ, ಬಂದ ಕೂಡಲೇ ತೆಗೆದಿಟ್ಟ ರಕ್ತವನ್ನು ಔಷಧದ ಅಂಶ ನೋಡುವ ಪರೀಕ್ಷೆಗೆ ಕಳಿಸಿದರು. ಅದು ಬಂದದ್ದು ಸುವರ್ಣಾ ಕೆಲಸ ಮಾಡುವ ಲ್ಯಾಬಿಗೆ.

“ನೀ ಆಸ್ಪತ್ರಿಗೆ ಹೋಗವಾ, ನಾ ಮಾಡ್ತೀನಿ,” ಎಂದಳು ಜೊತೆಯ ಹಸೀನಾಬಿ.

“ನಾನ ಮಾಡ್ತೀನಕ್ಕಾ. ಅವರು ತಪ್ಪಿಸಿಲ್ಲ, ನನಗ ಗೊತ್ತೈತಿ.”

ಕೂದಲಿನಷ್ಟು ಸಣ್ಣ ಗಾಜಿನ ನಳಿಕೆ, ಎರಡು ತುದಿಗೂ ಕರೆಂಟು. ರಕ್ತದ ತಿಳಿ ಅದರೊಳಗೆ ಹಾಯುವಾಗ ಒಂದೊಂದು ಔಷಧವೂ ತನ್ನ ಹೊತ್ತಿಗೆ ಬಂದು ಪರದೆಯ ಮೇಲಿನ ಗೆರೆಯನ್ನು ಎತ್ತಿ ನಿಲ್ಲಿಸುತ್ತದೆ. ಇವನ ಗುಳಿಗೆಯದು ಆರನೆಯ ನಿಮಿಷ. ಬಸ್ಸಿಗೆ ಕಾದಂತೆ ಅವಳು ಕಾದಳು.

ಆರು ಕಳೆಯಿತು, ಏಳಾಯಿತು. ಗೆರೆ ಮಲಗಿಯೇ ಇತ್ತು.

ಮಷೀನಿನದೇ ತಪ್ಪೆಂದು ಔಷಧ ಬೆರೆಸಿದ ಮಾದರಿ ಹಾಕಿ ನೋಡಿದಳು. ಆರಕ್ಕೆ ಸರಿಯಾಗಿ ಗೆರೆ ಎದ್ದಿತು. ಮತ್ತೆ ಅವನ ರಕ್ತ ಹಾಕಿದಳು. ಏಳಲಿಲ್ಲ. ಇದ್ದದ್ದನ್ನೇ ಬರೆದು ಸಹಿ ಮಾಡಿ ಕಳಿಸಿದಳು.

ಸಂಜೆ ಹಾಸಿಗೆಯ ಬಾಜು ನಿಂತು ಕೇಳಿದಳು. “ಯಾಕ ಬಿಟ್ರಿ?”

ಅವನು ಗೋಡೆಯ ಕಡೆ ಮುಖ ಮಾಡಿದ. “ಗುಳಿಗೀಲೆ ಒಸಡು ಬೆಳದು ಹಲ್ಲು ಮುಚ್ಚಿದ್ವು. ನಗೀಗೆ ಸೆರಗಂತ ನೀ ಅಂದಿ. ಅಪ್ಪಗ ಗೊತ್ತಾಗದಂಗ ಬಿಟ್ಟೆ. ಬಿಟ್ಟ ಮ್ಯಾಲೆ ಇಳದುವು.”

ಬಸ್ ಸ್ಟ್ಯಾಂಡಿನ ಆ ನಗು ಅವಳ ಎದೆಗೆ ಬಂದು ಕುಕ್ಕಿತು.

“ಒಸಡು ಬೆಳಸದ ಗುಳಿಗಿ ಬ್ಯಾರೆ ಅದಾವ್ರಿ. ಡಾಕ್ಟರಿಗೆ ಒಂದ್ ಮಾತು ಕೇಳಿದ್ರ ಬರದು ಕೊಡ್ತಿದ್ರು.”

ಅವನು ಬ್ಯಾಂಡೇಜು ಸುತ್ತಿದ ತೋಳನ್ನು ನೋಡಿಕೊಂಡ.

“ನಿಮ್ಮವ್ವಗ ಹೇಳು, ಲಗ್ನ ಬ್ಯಾಡಂತ,” ಎಂದ. “ಒಂದ ಕೈಲೆ ತಾಳಿ ಹೆಂಗ ಕಟ್ಲಿ?”

“ಒಂದ್ ಎಳಿ ನೀವು ಹಿಡೀರಿ, ಇನ್ನೊಂದ್ ನಾ ಹಿಡೀತೀನಿ. ಅವ್ವಗ ನಾ ಹೇಳ್ತೀನಿ. ಆದ್ರ ತಿಂಗಳ ತಿಂಗಳಾ ಪರೀಕ್ಷಾಕ್ಕ ರಕ್ತ ಕೊಡಬೇಕು. ನಿಮ್ಮ ಬಾಯಿಮಾತು ಇನ್ನ ನಂಬೂದಿಲ್ಲ.”

ಅಳುವಿನ ನಡುವೆ ಅವನಿಗೆ ನಗು ಬಂತು. ಹಳೆಯ ರೂಢಿಗೆ ಬಲತೋಳು ಮೇಲೆದ್ದಿತು. ಬ್ಯಾಂಡೇಜಿನ ತುದಿ ಗದ್ದದ ಕೆಳಗೇ ನಿಂತಿತು.

ಸುವರ್ಣಾ ತನ್ನ ಅಂಗೈಯನ್ನು ಅವನ ಬಾಯಿಗೆ ಅಡ್ಡ ಹಿಡಿದಳು.