ಅವರು ಅಂದದ್ದು, ನಾನು ಬರೆದದ್ದು

ನಗರಸಭೆಯ ಸಾಮಾನ್ಯ ಸಭೆಗೆ ಇನ್ನು ಅರ್ಧ ಗಂಟೆಯಿದೆ ಎನ್ನುವಾಗ ನನ್ನ ಬ್ಯಾಗಿನ ಜಿಪ್ಪು ಸಿಕ್ಕಿಹಾಕಿಕೊಂಡಿತು. ಒಳಗೆ ಹಿಂದಿನ ಸಭೆಯ ನಡಾವಳಿ, ಅಧ್ಯಕ್ಷೆಯ ಸಹಿ ಬಿದ್ದಿದ್ದ ಒಂದೇ ಒಂದು ಪ್ರತಿ. ಬಸ್ ಸ್ಟ್ಯಾಂಡ್ ಎದುರಿನ ಮಳಿಗೆ ಸಾಲಿಗೆ ಓಡಿ ಬ್ಯಾಗ್ ರಿಪೇರಿ ಅಂಗಡಿಗೆ ನುಗ್ಗಿದೆ. ಗೋಡೆ ತುಂಬ ಚಕ್ರ ಕಳೆದುಕೊಂಡ, ಹಿಡಿ ಮುರಿದ ಸೂಟ್‌ಕೇಸುಗಳು. ನಡುವೆ ಸ್ಟೂಲಿನ ಮೇಲೆ ಕೂತಿದ್ದವರು ತಲೆ ಎತ್ತದೆಯೇ ಕೇಳಿದರು.

"ಎಳೆದ್ರಾ?"

"ಎಳೆದೆ."

"ಜೋರಾಗಿ?"

"ಮತ್ತೇನು, ಮುದ್ದು ಮಾಡ್ಬೇಕಿತ್ತಾ?"

ಆಗ ತಲೆ ಎತ್ತಿದರು. ಬಾಯಲ್ಲಿ ಒಂದು ಸಣ್ಣ ಮೊಳೆ ಕಚ್ಚಿಕೊಂಡಿದ್ದರು, ಅದಕ್ಕೇ ನಗು ಒಂದೇ ಪಕ್ಕಕ್ಕೆ ಬಂತು. ಕಣ್ಣು ಮಾತ್ರ ಎರಡೂ ನಕ್ಕವು. "ಜಿಪ್ಪಿಗೆ ಅದೇ ಬೇಕು ಮೇಡಂ" ಎಂದವರು ಮೇಣದ ತುಂಡೊಂದನ್ನು ಜಿಪ್ಪಿನ ಹಲ್ಲುಗಳ ಉದ್ದಕ್ಕೂ ಉಜ್ಜಿ, ಕೊಂಡಿಯನ್ನು ಒಂದಿಷ್ಟು ಹಿಂದಕ್ಕೆ ತಂದು, ಆಮೇಲೆ ಮೆಲ್ಲಗೆ ಮುಂದಕ್ಕೆ ಬಿಟ್ಟರು. ಬ್ಯಾಗು ತೆರೆದುಕೊಂಡಿತು. ನಾನು ಥ್ಯಾಂಕ್ಸ್ ಹೇಳುವುದನ್ನೂ ಮರೆತು ಆ ಬೆರಳುಗಳನ್ನು ನೋಡುತ್ತ ನಿಂತಿದ್ದೆ.

ನನಗಾಗ ಮೂವತ್ತನಾಲ್ಕು. ನಗರಸಭೆಯಲ್ಲಿ ನಡಾವಳಿ ಬರೆಯುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಮದುವೆಯ ಮಾತು ಎತ್ತಿ ಎತ್ತಿ ಅಕ್ಕನಿಗೇ ಸಾಕಾಗಿತ್ತು. ಸಭೆಯಲ್ಲಿ ಯಾರು ಏನೇ ಅರಚಿದರೂ ಅದನ್ನು ಸಭ್ಯ ಭಾಷೆಗೆ ಇಳಿಸುವುದು ನನ್ನ ಕೆಲಸ. ಒಬ್ಬರು ಮೇಜು ಗುದ್ದಿ "ಕಳ್ಳರು ನೀವೆಲ್ಲ" ಎಂದರೆ, "ಸದಸ್ಯರು ಅಸಮಾಧಾನ ವ್ಯಕ್ತಪಡಿಸಿದರು" ಎಂದು ಬರೆಯಬೇಕು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನಷ್ಟು ಪಳಗಿದವರು ಆ ಊರಲ್ಲಿ ಇರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೆ.

ಆಮೇಲಿನ ನಾಲ್ಕು ತಿಂಗಳಲ್ಲಿ ನಮ್ಮ ಮನೆಯ ಬ್ಯಾಗುಗಳೆಲ್ಲ ಒಂದಾದ ಮೇಲೊಂದು ಕೆಟ್ಟವು. ಅಕ್ಕ ಒಂದು ದಿನ ಮುಖ ನೋಡಿಯೇ ಹೇಳಿದಳು: "ನಿಮ್ಮ ಭಾವನ ಬ್ರೀಫ್‌ಕೇಸ್ ಹಿಡಿ ತಾನಾಗೇ ಮುರೀತಾ, ನೀನು ಮುರಿದ್ಯಾ?"

ರಿಪೇರಿ ಅಂಗಡಿಯವರಿಗೆ ನನ್ನ ಕೆಲಸ ದೊಡ್ಡ ತಮಾಷೆ. ಕೆಟ್ಟ ಬ್ಯಾಗಿಗೆ ಸೂಜಿ ಹಾಕುತ್ತ ಹಾಕುತ್ತ ಪರೀಕ್ಷೆ ಇಡುತ್ತಿದ್ದರು.

"ನಿಮ್ಮ ಕಿವಿ ಕೆಂಪಾಗಿದೆ. ಇದನ್ನ ಹೇಗೆ ಬರೀತೀರಿ?"

"ಸದರಿ ವಿಷಯವನ್ನು ಗಮನಿಸಲಾಯಿತು."

"ನಾಳೆನೂ ಬರ್ತೀರಾ?"

"ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು."

"ಮೇಡಂ, ನೀವು ಒಂದ್ಸಲನಾದ್ರೂ ಹೌದು ಅಂತ ಹೌದು ಅನ್ನಿ" ಎಂದು ನಕ್ಕರು. ನಾನೂ ನಕ್ಕೆ. ನಗುವುದು ಸುಲಭವಿತ್ತು.

ಸಾಲಿನಲ್ಲಿ ಇಪ್ಪತ್ತೆರಡು ಮಳಿಗೆ. ಎಲ್ಲ ನಗರಸಭೆಯವು, ಎಲ್ಲರೂ ಬಾಡಿಗೆಯವರು. ನಮ್ಮ ಬ್ಯಾಗ್ ರಿಪೇರಿಯವರನ್ನು ಎಲ್ಲರೂ ಲೀಡರ್ ಎನ್ನುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ನಂಬಿಕೆಯಿಂದ. ಅರ್ಜಿ ಬರೆಯಬೇಕೆಂದರೂ ಲೀಡರ್, ಚರಂಡಿ ಕಟ್ಟಿಕೊಂಡರೂ ಲೀಡರ್. ಪಕ್ಕದ ಬೀಗದಂಗಡಿಯ ಅಜ್ಜ ತಮ್ಮ ಅಂಗಡಿಯ ಕೀಲಿ ಇವರ ಕೈಗೆ ಕೊಟ್ಟು ಮಧ್ಯಾಹ್ನ ನಿದ್ದೆ ಮಾಡಲು ಮನೆಗೆ ಹೋಗುತ್ತಿದ್ದರು. ಬೀಗ ಮಾರುವವರು ಕೀಲಿ ಕೊಟ್ಟು ಹೋಗುವ ಜಾಗ ಅದು ಎಂದು ಹೇಳಿದರೆ ಉಳಿದದ್ದು ಹೇಳಬೇಕಿಲ್ಲ.

ಆ ವರ್ಷ ಊರಿಗೆ ಕಾರುಗಳು ಹೆಚ್ಚಾದವು. ಮಳಿಗೆ ಸಾಲು ಕೆಡವಿ ಐದು ಮಹಡಿಯ ಪಾರ್ಕಿಂಗ್ ಕಟ್ಟುವುದು, ಅಂಗಡಿಯವರಿಗೆ ಬೈಪಾಸ್ ಪಕ್ಕ ಹೊಸ ಕಾಂಪ್ಲೆಕ್ಸ್‌ನಲ್ಲಿ ಜಾಗ ಕೊಡುವುದು ಎಂದು ಯೋಜನೆ ಬಂತು. ಪತ್ರಿಕೆಯಲ್ಲಿ ದಿನಾ ಪತ್ರಗಳು. ಪಾರ್ಕಿಂಗ್ ಬೇಕು ಎಂದವರೂ ತಪ್ಪು ಹೇಳುತ್ತಿರಲಿಲ್ಲ. ಆಂಬುಲೆನ್ಸ್ ಒಂದು ಆ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಿಂತದ್ದನ್ನು ನಾನೇ ನೋಡಿದ್ದೆ. ಕೊನೆಗೆ ಅಹವಾಲು ಸಭೆ ಕರೆದರು. ವರ್ತಕರ ಪರವಾಗಿ ಒಬ್ಬರಿಗೆ ಮೂರು ನಿಮಿಷ.

ಲೀಡರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮೈಕಿನ ಮುಂದೆ ನಿಂತು ಒಮ್ಮೆ ನನ್ನ ಕಡೆ ನೋಡಿದರು. ನಾನು ಪೆನ್ಸಿಲ್ ಚೂಪು ಮಾಡುವ ನೆಪದಲ್ಲಿ ತಲೆ ಬಗ್ಗಿಸಿದೆ.

"ಸರ್, ನಾವು ಖಂಡಿತ ಹೋಗ್ತೀವಿ" ಎಂದು ಶುರುಮಾಡಿದರು. "ಈ ಬಸ್ ಸ್ಟ್ಯಾಂಡ್ ಎತ್ಕೊಂಡು ಹೋಗಿ ಬೈಪಾಸ್ ಪಕ್ಕ ಇಡಿ. ಇಲ್ಲಿ ಇಳಿಯೋ ಜನಾನೂ ಬುಟ್ಟೀಲಿ ತುಂಬ್ಕೊಂಡು ಹೋಗಿ ಅಲ್ಲಿ ಸುರೀರಿ. ಮಾರನೇ ದಿನಾನೇ ಬರ್ತೀವಿ! ನಿಮಗೆ ಕಾರು ನಿಲ್ಲಿಸೋಕೆ ಜಾಗ ಬೇಕು, ನಮಗೆ ನಾವು ನಿಲ್ಲೋಕೆ ಜಾಗ ಬೇಕು. ಇಷ್ಟೂ ವ್ಯತ್ಯಾಸ ಕಾಣದೇ ಇರೋರು ಅಲ್ಲಿ ಯಾಕೆ ಕೂತಿದೀರಿ? ನಿಮಗಲ್ಲದಿದ್ರೆ ಆ ಕುರ್ಚಿಗಾದ್ರೂ ನಾಚಿಕೆ ಆಗ್ಬೇಕು."

ಹಿಂದಿನ ಬೆಂಚುಗಳಲ್ಲಿ ಚಪ್ಪಾಳೆ. ಸಭೆ ನಡೆಸುತ್ತಿದ್ದ ನಗರಸಭೆಯ ಆಯುಕ್ತರ ಮುಖ ಕಪ್ಪಿಟ್ಟಿತು. ನನ್ನ ಕಡೆ ಬಾಗಿ, "ಆ ಕೊನೇ ಮಾತು ಸರಿಯಾಗಿ ಬರ್ಕೊಳ್ಳಿ. ಅವನ ಲೈಸೆನ್ಸ್ ನಾನು ನೋಡ್ಕೋತೀನಿ" ಎಂದರು.

ಶೀಘ್ರಲಿಪಿ ಪುಸ್ತಕದಲ್ಲಿ ಮಾತೆಲ್ಲ ಇದ್ದ ಹಾಗೇ ಬಿದ್ದಿತ್ತು, ಕೈ ಅದರ ಪಾಡಿಗೆ ಓಡಿತ್ತು. ಆದರೆ ಮರುದಿನ ಟೈಪ್ ಮಾಡಲು ಕೂತಾಗ ಯೋಚಿಸಿದೆ: ಕುರ್ಚಿಯ ಮಾತು ಹೋಗಬೇಕು, ಸಿಟ್ಟು ಹೋಗಬೇಕು, ಆದರೆ ಅವರು ಮಾತಾಡಿದ್ದು ಉಳಿಯಬೇಕು. ನಾಲ್ಕು ಸಲ ಹರಿದು ಐದನೆಯ ಸಲ ಬರೆದೆ. "ಹೊಸ ಸ್ಥಳಕ್ಕೆ ಬಸ್ ಸಂಪರ್ಕ ಹಾಗೂ ಜನಸಂಚಾರದ ವ್ಯವಸ್ಥೆ ಕಲ್ಪಿಸಿದಲ್ಲಿ ಸ್ಥಳಾಂತರಕ್ಕೆ ಅಭ್ಯಂತರವಿಲ್ಲವೆಂದು ವರ್ತಕರ ಪ್ರತಿನಿಧಿಯು ತಿಳಿಸಿದರು."

ಓದಿಕೊಂಡಾಗ ಎಷ್ಟು ಸಮಾಧಾನವಾಯಿತು ಎಂದರೆ, ಒಂದು ಕಪ್ ಟೀ ತರಿಸಿಕೊಂಡು ಕುಡಿದೆ. ಅವರನ್ನು ಬಚಾವು ಮಾಡಿದ್ದೆನಲ್ಲ! ಆಯುಕ್ತರು ಓದಿ, ಮತ್ತೊಮ್ಮೆ ಓದಿ, "ಚೆನ್ನಾಗಿದೆ, ಇದೇ ಇರಲಿ" ಎಂದರು. ಸಿಟ್ಟು ಇಳಿಯಿತು ಎಂದುಕೊಂಡೆ. ನನ್ನಂಥ ದಡ್ಡಿ ಇರಲಿಲ್ಲ.

ಮೂರನೆಯ ದಿನ ಕರಡು ನಡಾವಳಿ ನೋಟಿಸ್ ಬೋರ್ಡಿಗೆ ಬಂತು. ನಾಲ್ಕನೆಯ ದಿನ ಪತ್ರಿಕೆಯ ಮುಖಪುಟದಲ್ಲಿ: "ಸ್ಥಳಾಂತರಕ್ಕೆ ವರ್ತಕರ ಒಪ್ಪಿಗೆ." ದಿನಕ್ಕೆ ಎರಡು ಬಸ್ ಬಿಡುತ್ತೇವೆ, ಷರತ್ತು ಪೂರೈಸಿದಂತಾಯಿತು ಎಂದು ಆಯುಕ್ತರ ಹೇಳಿಕೆ.

ಅವತ್ತು ಮಧ್ಯಾಹ್ನ ಸಾಲಿಗೆ ಹೋದೆ. ಅಂಗಡಿಯ ಅರ್ಧ ಇಳಿಸಿದ ಶಟರ್ ಮೇಲೆ ಯಾರೋ ಸೀಮೆಸುಣ್ಣದಲ್ಲಿ "ಎಷ್ಟಕ್ಕೆ ಮಾರಿದೆ?" ಎಂದು ಬರೆದಿದ್ದರು. ಬೀಗದಂಗಡಿಯ ಅಜ್ಜ ಕಂಡೂ ಕಾಣದ ಹಾಗೆ ಕೂತಿದ್ದರು. ಅವರ ಕೀಲಿ ಅವರ ಸೊಂಟದಲ್ಲೇ ಇತ್ತು.

ಲೀಡರ್ ಕೈಯಲ್ಲಿ ಕೆಲಸವಿಲ್ಲದೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬನ್ನಿ" ಎಂದರು. "ನಿಮ್ಮನ್ನೇ ಕಾಯ್ತಿದ್ದೆ. ಒಳಗೆ ಬಂದು ಕೂತ್ಕೊಳ್ಳಿ. ನೀವು ಬರೆದಿದ್ದನ್ನ ಯಾರೋ ತಿದ್ದಿದ್ದಾರೆ. ಆಯುಕ್ತರೇ ಇರ್ಬೇಕು. ನೀವು ಹೆದರ್ಬೇಡಿ, ನಿಮ್ಮ ಹೆಸರು ಎಲ್ಲೂ ತರಲ್ಲ. ಯಾರು ಅಂತ ಒಂದು ಮಾತು ಹೇಳಿ ಸಾಕು."

ಹೌದು, ಆಯುಕ್ತರೇ ಎಂದು ಹೇಳಿಬಿಡಬಹುದಿತ್ತು. ನಂಬುತ್ತಿದ್ದರು. ಸಾಯುವವರೆಗೂ ನಂಬುತ್ತಿದ್ದರು. ಆ ಕಣ್ಣುಗಳಲ್ಲಿ ನನ್ನ ಮೇಲೆ ಒಂದು ಗೆರೆಯಷ್ಟೂ ಅನುಮಾನ ಇರಲಿಲ್ಲ, ಅದೇ ತಡೆಯಲಾಗಲಿಲ್ಲ.

"ಯಾರೂ ತಿದ್ದಿಲ್ಲ. ನಾನೇ ಬರೆದದ್ದು."

"ಏನು?"

"ನಿಮ್ಮ ಲೈಸೆನ್ಸ್ ತೆಗೀತೀನಿ ಅಂದ್ರು. ಬೈದದ್ದು ದಾಖಲಾಗ್ಬಾರದು ಅಂತ... ಸ್ವಲ್ಪ ಮೆತ್ತಗೆ ಮಾಡೋಣ ಅಂತ..."

ಅವರು ಅರ್ಧ ಇಳಿದ ಶಟರ್ ಕಡೆ ಮುಖ ತಿರುಗಿಸಿದರು. ಹೊರಗೆ ಬಸ್ಸುಗಳ ಹಾರ್ನ್. ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಾಟ ನನಗೆ ಅಭ್ಯಾಸವಿದೆ.

"ಹೋಗಲ್ಲ ಅಂತ ಹೇಳೋಕೆ ಬಂದೋನನ್ನ ಹೋಗ್ತೀನಿ ಅನ್ನಿಸಿಬಿಟ್ರಲ್ಲ" ಎಂದರು ಕೊನೆಗೆ, ಮೆಲ್ಲಗೆ. "ಇಪ್ಪತ್ತೊಂದು ಜನ ನನ್ನ ಮುಖಾನೇ ನೋಡ್ತಿಲ್ಲ. ಅಜ್ಜಾನೂ."

"ಸರಿ ಮಾಡ್ತೀನಿ. ನಾಲ್ಕು ದಿನದಲ್ಲಿ ಸಭೆ ಇದೆ. ಅಲ್ಲಿ ನಡಾವಳಿ ಒಪ್ಪೋಕೆ ಮುಂಚೆ ತಿದ್ದುಪಡಿಗೆ ಅವಕಾಶ ಇದೆ. ಬರೆದವಳೇ ತಪ್ಪು ಅಂತ ಒಪ್ಕೊಂಡ್ರೆ..."

"ನಿಮ್ಮ ಕೆಲಸ?"

"ಏನೋ ಒಂದು ಆಗುತ್ತೆ."

"ನನ್ನ ಲೈಸೆನ್ಸು?"

ಅವರೇ ಉತ್ತರಿಸಿದರು. "ಅದು ಹೋದ್ರೆ ಹೋಗ್ಲಿ. ನಾನು ಅಂದಿದ್ದನ್ನ ನಾನು ಅಂದಿದೀನಿ." ಎದ್ದು ಶಟರ್ ಪೂರ್ತಿ ಮೇಲೆತ್ತಿದರು. ನಾನು ಹೊರಡಬೇಕು ಎಂದು ಅದರ ಅರ್ಥ.

ಸಭೆಯ ದಿನ ತಿದ್ದುಪಡಿ ಇದೆಯೇ ಎಂದು ಅಧ್ಯಕ್ಷೆ ವಾಡಿಕೆಗೆ ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಹಾಳೆ ತಿರುಗಿಸುತ್ತಿದ್ದರು. ನಾನು ಎದ್ದು ನಿಂತೆ. ಹನ್ನೊಂದು ವರ್ಷದಲ್ಲಿ ಆ ಸಭಾಂಗಣದಲ್ಲಿ ನನ್ನ ದನಿ ಯಾರೂ ಕೇಳಿರಲಿಲ್ಲ. ನನಗೇ ಅದು ಬೇರೆ ಯಾರದ್ದೋ ಅನ್ನಿಸಿತು. ಶೀಘ್ರಲಿಪಿ ಪುಸ್ತಕ ತೆರೆದು, ಬರೆದುಕೊಂಡಿದ್ದನ್ನು ಹಾಗೇ ಓದಿದೆ. ಬುಟ್ಟಿ, ಸುರಿಯುವುದು, ಕಾರು ನಿಲ್ಲಿಸೋಕೆ, ನಾವು ನಿಲ್ಲೋಕೆ. ಕುರ್ಚಿಯ ಮಾತಿಗೆ ಬಂದಾಗ ಆಯುಕ್ತರು "ಸಾಕು" ಎಂದರು. ನಾನು ನಿಲ್ಲಿಸಲಿಲ್ಲ. ಕೊನೆಯ ಸಾಲಿನ ಬೆಂಚಿನಲ್ಲಿ ಅವರು ಕೂತಿದ್ದರು. ಅವರ ಎರಡು ಪಕ್ಕವೂ ಖಾಲಿಯಿತ್ತು. ಓದಿ ಮುಗಿಸಿದಾಗ ಬೀಗದಂಗಡಿಯ ಅಜ್ಜ ಎದ್ದು ಹೋಗಿ ಆ ಖಾಲಿ ಜಾಗದಲ್ಲಿ ಕೂತರು.

ನನ್ನನ್ನು ಊರಾಚೆಯ ನೀರಿನ ಟ್ಯಾಂಕ್ ಆಫೀಸಿಗೆ ಹಾಕಿದರು. ಸಂಜೆ ಅಕ್ಕ, "ಕೆಲಸ ಉಳೀತಲ್ಲ, ಅದೇ ಪುಣ್ಯ" ಎಂದು ಬೆನ್ನು ಸವರಿದಳು. ಲೀಡರ್ ಲೈಸೆನ್ಸಿಗೆ ನೋಟಿಸ್ ಬಂತು. ಪತ್ರಿಕೆಯವರು ಬರೆದದ್ದರಿಂದ ಅದು ಮುಂದೆ ಹೋಗಲಿಲ್ಲ. ಅಹವಾಲು ಸಭೆ ಮತ್ತೆ ನಡೆಯಿತು, ಹೊಸಬಳೊಬ್ಬಳು ಸರಿಯಾಗಿ ಬರೆದುಕೊಂಡಳು. ಎಲ್ಲರ ವಿರೋಧವೂ ದಾಖಲಾಯಿತು. ಆಮೇಲೆ ಮತಕ್ಕೆ ಹಾಕಿದರು. ಹತ್ತೊಂಬತ್ತು, ಹನ್ನೊಂದು. ಮಳಿಗೆ ಸಾಲು ಹೋಯಿತು.

ಇದೆಲ್ಲ ಆಗಲು ಹಿಡಿದ ಮೂರು ತಿಂಗಳು ನಾನು ಅತ್ತ ಸುಳಿಯಲಿಲ್ಲ. ಖಾಲಿ ಮಾಡುವ ಕೊನೆಯ ದಿನ ಮಾತ್ರ ಕಾಲು ಕೇಳಲಿಲ್ಲ. ಬೆಳಗ್ಗೆ ಹತ್ತು ಗಂಟೆ. ಲೀಡರ್ ವ್ಯಾನಿಗೆ ಸೂಟ್‌ಕೇಸುಗಳನ್ನು ಏರಿಸುತ್ತಿದ್ದರು. ನಾನೂ ಒಂದನ್ನು ಎತ್ತಿಕೊಟ್ಟೆ. ತೆಗೆದುಕೊಂಡರು. ಸ್ವಲ್ಪ ಹೊತ್ತು ಹಾಗೇ ಕೆಲಸ ನಡೆಯಿತು, ಎಷ್ಟೋ ವರ್ಷ ಜೊತೆಗೆ ಸಂಸಾರ ಮಾಡಿದವರ ಹಾಗೆ.

"ಬೈಪಾಸ್ ಕಡೆಗಾ?" ಎಂದೆ.

"ಇಲ್ಲ. ಅಣ್ಣ ಇರೋ ಊರಿಗೆ. ಅಲ್ಲಿ ರೈಲ್ವೆ ಸ್ಟೇಷನ್ ಎದುರು ಒಂದು ಸಣ್ಣ ಜಾಗ ಇದೆಯಂತೆ."

"ಇನ್ನೂ ಸಿಟ್ಟಿದೆಯಾ?"

"ಅವತ್ತು ನಿಂತ್ಕೊಂಡು ಓದಿದ್ರಲ್ಲ, ಅವತ್ತೇ ಹೋಯ್ತು." ಹಗ್ಗ ಬಿಗಿಯುತ್ತಿದ್ದ ಕೈ ನಿಂತಿತು. "ಸಿಟ್ಟು ಹೋದ್ಮೇಲೆ ಇನ್ನೇನು ಉಳಿದಿದೆ ಅಂತ ನೋಡ್ಕೊಂಡೆ. ಹೆದರಿಕೆ ಉಳಿದಿದೆ. ನಾನು ಏನಾದ್ರೂ ಅಂದಾಗ ನೀವು ಒಳಗೆ ಅದನ್ನ ಏನು ಮಾಡ್ಕೋತೀರೋ ಅಂತ. ನನ್ನ ಒಳ್ಳೇದಕ್ಕೇ ಮಾಡ್ತೀರಿ, ಗೊತ್ತು. ಅದಕ್ಕೇ ಹೆದರಿಕೆ."

ಅಳಬಾರದು ಎಂದು ಮೊದಲೇ ನಿಶ್ಚಯಿಸಿದ್ದೆ. ಅತ್ತೆ. ಅಳುತ್ತಲೇ, ದಾರಿಹೋಕರು ನೋಡುತ್ತಿರುವಾಗಲೇ ಹೇಳಿದೆ: "ನಾನು ನಿಮ್ಮನ್ನ ಪ್ರೀತಿಸ್ತೀನಿ. ಹೋಗ್ಬೇಡಿ."

ಅವರ ಮುಖ ಒಮ್ಮೆ ಪೂರ್ತಿ ನನ್ನ ಕಡೆ ತಿರುಗಿತು. ಮೊದಲ ದಿನ ನಕ್ಕಿದ್ದ ಕಣ್ಣುಗಳೇ, ಈಗ ಒದ್ದೆ. ಕೈ ಚಾಚಿ ನನ್ನ ಕೆನ್ನೆಯ ಮೇಲಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ನಾಲ್ಕು ತಿಂಗಳು ಅಂಗಡಿಯಲ್ಲಿ ಎದುರು ಬದುರು ಕೂತಿದ್ದವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

"ನಾನೂ" ಎಂದರು. "ತುಂಬ."

ಡ್ರೈವರ್ ಹಾರ್ನ್ ಮಾಡಿದ. ಅವರು ಹೋಗಿ ಮುಂದಿನ ಸೀಟಿನಲ್ಲಿ ಕೂತರು. ವ್ಯಾನ್ ಬಸ್ಸುಗಳ ನಡುವೆ ದಾರಿ ಸಿಗದೆ ಸುಮಾರು ಹೊತ್ತು ಅಲ್ಲೇ ನಿಂತಿತ್ತು. ಇಳಿಯುತ್ತಾರೇನೋ ಎಂದು ನಾನೂ ನಿಂತಿದ್ದೆ. ಆಮೇಲೆ ದಾರಿ ಸಿಕ್ಕಿತು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಇದ್ದಳು. ನನ್ನ ಮುಖ ನೋಡಿ ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು.

"ಏನಂದ?"

"ಪ್ರೀತಿಸ್ತೀನಿ ಅಂದ್ರು, ಅಕ್ಕ."

"ಮತ್ತೆ ಯಾಕೆ ಹೀಗೆ ಅಳ್ತಿದೀಯ?"

"ಅಂದು, ಹೋದ್ರು."