ಮೂರನೇ ಸಲ ಸೋರಿದಾಗ

“ಪುಟ್ಟೀ, ಹಲ್ಲಿನ ಡಾಕ್ಟರು ಹಲ್ಲು ಕಡೀತಾ ಬರ್ತಿದಾರೆ!” ಮಾವ ಗ್ಯಾರೇಜಿನ ಬಾಗಿಲಿನಿಂದಲೇ ಕೂಗಿದರು.

ಅವಳು ಬಿಚ್ಚಿಟ್ಟ ಇಂಜಿನ್ ಬಿಟ್ಟು ಎದ್ದು ಗ್ರೀಸ್ ಕೈ ಒರೆಸಿಕೊಂಡಳು. ಕೆಂಪು ಸ್ಪೋರ್ಟ್ಸ್ ಕಾರನ್ನು ಜೀಪೊಂದು ಎಳೆದು ತರುತ್ತಿತ್ತು. ಅದರ ಸ್ಟಿಯರಿಂಗ್ ಹಿಡಿದಿದ್ದ ಹಲ್ಲಿನ ಡಾಕ್ಟರ್ ಇಳಿದು ಬಿರಬಿರನೆ ಬಂದ.

“ಮೂರನೇ ಸಲ!” ಅಂದ. “ಮೊದಲು ಪೈಪ್ ಬದಲಾಯಿಸಿದ್ರಿ. ಆಮೇಲೆ ರೇಡಿಯೇಟರ್ ಮುಚ್ಚಳ. ಇವತ್ತು ಅಮ್ಮನ್ನ ಸ್ಟೇಷನ್‌ಗೆ ಬಿಡೋಕೆ ಹೊರಟ್ರೆ ನಡುದಾರೀಲಿ ಹಬೆ ಎದ್ದು ಟ್ರೇನೇ ತಪ್ಪಿಹೋಯ್ತು. ನಿಮಗೆ ಕೆಲಸ ಬರಲ್ವೋ, ಇಲ್ಲಾ ನನ್ನ ಆಟ ಆಡಿಸ್ತಿದೀರೋ?”

ಕೊನೆಯ ಮಾತು ಮುಳ್ಳಿನಂತೆ ನಾಟಿತು. ಅದರಲ್ಲಿ ಅರ್ಧ ನಿಜವಿತ್ತು.

“ಕೂತ್ಕೊಳ್ಳಿ. ನಿಮ್ಮ ಕಣ್ಣೆದುರಿಗೇ ಹುಡುಕ್ತೀನಿ.”

ಇಂಜಿನ್ ತಣ್ಣಗಾಗುವವರೆಗೆ ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು. ಆಮೇಲೆ ಅವಳು ರೇಡಿಯೇಟರ್ ಬಾಯಿಗೆ ಕೈಪಂಪು ಬಿಗಿದು ಒಳಗೆ ಒತ್ತಡ ತುಂಬಿದಳು. ಕೈಪಂಪಿನ ಗೇಜಿನ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಎಲ್ಲೋ ಸೋರುತ್ತಿತ್ತು. ಆದರೆ ಹನಿ ಹುಟ್ಟುವುದು ಒಂದು ಕಡೆ, ಇಂಜಿನ್ ಮೈಮೇಲೆ ಹರಿದು ಬೀಳುವುದು ಇನ್ನೊಂದು ಕಡೆ. ಇಂಜಿನ್‌ಗೆ ನೀರು ಹರಿಸುವ ವಾಟರ್ ಪಂಪಿನ ಅಡಿ ಕಣ್ಣಿಗೆ ಎಟುಕುವಂತಿರಲಿಲ್ಲ.

ಅವನು ಎದ್ದು ಬಂದು ಬ್ಯಾಗಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದ. “ಇದು ಹೋಗುತ್ತಾ ನೋಡಿ.”

ಕನ್ನಡಿ ಸಂದಿಯೊಳಗೆ ಇಳಿಯಿತು. ಟಾರ್ಚ್ ಹಿಡಿದ ಅವನ ಭುಜ ಅವಳ ಭುಜಕ್ಕೆ ತಾಗುವಂತಿತ್ತು. ರೂಪಾಯಿಯಗಲದ ಗಾಜಿನಲ್ಲಿ ಮೊದಲು ಕಂಡದ್ದು ಅವನ ಕಣ್ಣು. ಅದು ಅವಳನ್ನೇ ನೋಡುತ್ತಿತ್ತು. ಅವಳು ಕನ್ನಡಿ ತಿರುಗಿಸಿದಳು. ಪಂಪಿನಡಿಯ ಸಣ್ಣ ತೂತಿನಲ್ಲಿ ಕೂಲೆಂಟಿನ ಹಸಿರು ಹನಿಯೊಂದು ತುಂಬಿಕೊಂಡು ನಿಂತಿತ್ತು.

“ಹುಳುಕು ಸಿಕ್ತಾ?” ಅಂದ. ಕೋಪ ಅದಾಗಲೇ ಅರ್ಧ ಇಳಿದಿತ್ತು.

“ಸಿಕ್ತು. ಒಳಗಿನ ಸೀಲ್ ಹೋಗಿದೆ, ಪಂಪೇ ಹೊಸದು ಹಾಕ್ಬೇಕು.” ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಹೋದ ಸಲವೇ ನನಗೆ ಇದರ ಮೇಲೆ ಅನುಮಾನ ಇತ್ತು. ಬಿಚ್ಚಿ ನೋಡ್ಲಿಲ್ಲ. ಸೋರಿದ್ರೆ ಮತ್ತೆ ಬನ್ನಿ ಅಂತ ಕಳಿಸ್ಬಿಟ್ಟೆ.”

“ಯಾಕೆ?”

“ನೀವು ಮತ್ತೆ ಬರ್ಲಿ ಅಂತ.”

ಮಾವನ ಕೈಯ ಸ್ಪ್ಯಾನರ್ ಠಣ್ಣೆಂದು ನೆಲಕ್ಕೆ ಬಿತ್ತು.

ಅವನ ಮುಖ ಮತ್ತೆ ಬಿಗಿಯಿತು. “ನನ್ನ ಪೇಷಂಟ್‌ಗೆ ನಾನು ಹೀಗೆ ಮಾಡಿದ್ರೆ ಬೋರ್ಡ್ ಇಳಿಸಿ ಮನೆಗೆ ಹೋಗ್ಬೇಕಾಗುತ್ತೆ,” ಎಂದವನೇ ಹೊರಟುಹೋದ.

ಮೂರು ದಿನ ಅವಳು ಬೇರೆ ಗಾಡಿ ಮುಟ್ಟಲಿಲ್ಲ. ಹಳೆಯ ಪಂಪು ಬಿಚ್ಚಿ, ಅಂಟಿದ್ದ ಕಿಲುಬು ಕೆರೆದು, ಹೊಸದು ಕೂರಿಸಿದಳು. ಕೂಲೆಂಟ್ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಹೊರಹಾಕಿದಳು. “ಅತಿ ಜಾಣತನ ಅರ್ಧ ದಾರೀಲೇ ಕೈಕೊಡುತ್ತೆ,” ಎಂದು ಮಾವ ಗೊಣಗಿದರು. ಆಮೇಲೆ ಚಹಾ ತಂದು ಪಕ್ಕದಲ್ಲಿಟ್ಟರು.

ನಾಲ್ಕನೆಯ ದಿನ ಅವನು ಬಂದ. ಅವಳು ಕೀ ಚಾಚಿದಳು. “ಇನ್ನು ಸೋರಲ್ಲ. ಅಮ್ಮನಿಗೆ ಕ್ಷಮಿಸಿ ಅಂತ ಹೇಳಿ.”

“ನಡೆದದ್ದೆಲ್ಲಾ ಆಗ್ಲೇ ಹೇಳಿದೆ. ಅಮ್ಮ ನನಗೇ ಬೈದ್ರು.”

“ನಿಮಗ್ಯಾಕೆ?”

“‘ಆ ಹುಡುಗಿ ಒಪ್ಪಿಕೊಂಡ್ಳು. ನೀನು ಒಪ್ಕೊಂಡ್ಯಾ? ನೆಲದ ಮೇಲೆ ಹನಿ ಕಂಡ್ರೆ ಇಸ್ತ್ರಿ ಶರ್ಟ್ ಹಾಕ್ಕೊಂಡು, ಶಿಳ್ಳೆ ಹೊಡೀತಾ ಗ್ಯಾರೇಜಿಗೆ ಓಡ್ತಿದ್ದವನು ಯಾರು?’ ಅಂದ್ರು.” ಅವನ ಕಿವಿ ಕಾರಿನ ಬಣ್ಣಕ್ಕೆ ತಿರುಗಿತ್ತು.

ಮಾವ ಕೆಮ್ಮಿದರು. “ಏರುದಾರೀಲಿ ಓಡಿಸಿ ನೋಡ್ದೆ ಗಾಡಿ ಕೊಡೋ ಹಾಗಿಲ್ಲ. ಹೋಗು, ಪುಟ್ಟಿ.”

ಅವನು ಓಡಿಸಿದ. ತಿರುವಿನ ಮೇಲೆ ತಿರುವು ಹತ್ತಿದರೂ ಅವಳು ಟೆಂಪರೇಚರ್ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಅದು ನಡುವಿನಿಂದ ಕೂದಲೆಳೆಯಷ್ಟೂ ಕದಲಲಿಲ್ಲ.

ಗುಡ್ಡದ ತುದಿಯಲ್ಲಿ ಕಾರು ನಿಂತಿತು. ಕೆಳಗೆ ಊರಿನ ಚಾವಣಿಗಳು ಸಂಜೆಬಿಸಿಲು ಕಾಯಿಸಿಕೊಳ್ಳುತ್ತಿದ್ದವು.

“ಮುಳ್ಳು ನೋಡಿದ್ದು ಸಾಕು,” ಅಂದ ಅವನು, ಮೆತ್ತಗೆ. “ಈ ಕಡೆ ನೋಡಿ.”

ಅವಳು ನೋಡಿದಳು.